ಪಂಚಾಂಗ ಹಿಡಿದು ಅಳಿವೆಯಲ್ಲಿ ಕುಳಿತೆ, ಗ್ರೇಟ್ ನಾಟ್ ಸಿಕ್ಕಿತು

"ಪಂಚಾಂಗ ನೋಡಿ ಮದುವೆ ಮಾಡುತ್ತಾರೆ ಮಾರಾಯರೇ, ಹಕ್ಕಿ ನೋಡುವುದಿಲ್ಲ" ಎಂದು ಹಿರಿಯ ಗೆಳೆಯರೊಬ್ಬರು ನಾಲ್ಕು ಜನರ ಎದುರು ಹೇಳಿದ್ದರು. ಕಳೆದ ವರ್ಷ ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮೊದಲು, ತ್ರಯೋದಶಿಯ ಬೆಳಿಗ್ಗೆ, ಕುಂದಾಪುರದ ಅಳಿವೆಯಲ್ಲಿ ತೆಗೆದ ಗ್ರೇಟ್ ನಾಟ್ ಎಂಬ ಅಪರೂಪದ ವಲಸೆ ಹಕ್ಕಿಯ ಚಿತ್ರವನ್ನು ಮೊದಲು ಕಳುಹಿಸಿದ್ದು ಅವರಿಗೇ. ಸಂಜೆ ಅವರೇ ಫೋನ್ ಮಾಡಿ, "ಮುಂದಿನ ದ್ವಾದಶಿ ಯಾವಾಗ?" ಎಂದು ಕೇಳಿದರು. ಈ ಬರಹ ಆ ಪ್ರಶ್ನೆಗೆ ಉತ್ತರ.

ನಮ್ಮ ಕರಾವಳಿಯಲ್ಲಿ ವಲಸೆ ಹಕ್ಕಿ ಎಂದರೆ ಡಿಸೆಂಬರ್, ಜನವರಿ ಎಂಬ ನಂಬಿಕೆ ಗಟ್ಟಿಯಾಗಿದೆ. ಆದರೆ ಚಳಿಗಾಲಕ್ಕೆ ಬಂದು ಉಳಿಯುವ ಹಕ್ಕಿ ಬೇರೆ, ದಾರಿಯಲ್ಲಿ ಎರಡು ದಿನ ಇಳಿದು ಮುಂದೆ ಹೋಗುವ ಹಕ್ಕಿ ಬೇರೆ. ಎರಡನೆಯದು ಹೆಚ್ಚಾಗಿ ಸಿಗುವುದು ಸೆಪ್ಟೆಂಬರ್ ಎರಡನೇ ವಾರದಿಂದ ನವೆಂಬರ್ ಮೊದಲ ವಾರದವರೆಗೆ. ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಛತ್ರಿ ಹಿಡಿದೇ ಹೋಗಬೇಕು. ಅದಕ್ಕೇ ಆ ಹೊತ್ತಿನಲ್ಲಿ ಅಳಿವೆಗೆ ಯಾರೂ ಹೋಗುವುದಿಲ್ಲ.

ಮೊದಲ ಎರಡು ವರ್ಷ ನಾನು ಮಾಡಿದ್ದು ತಪ್ಪು. 2019 ಮತ್ತು 2020ರಲ್ಲಿ ನೀರು ಇಳಿದಾಗ ಹೋಗುತ್ತಿದ್ದೆ. ಕೆಸರು ತೆರೆದುಕೊಂಡಾಗ ಹಕ್ಕಿಗಳು ಮೇಯಲು ಬರುತ್ತವೆ ಎಂಬುದು ಸರಿಯೇ. ಆದರೆ ಐದು ನದಿಗಳು ಸೇರುವ ಪಂಚಗಂಗಾವಳಿಯಂಥ ಕಡೆ ನೀರು ಇಳಿದರೆ ಹಕ್ಕಿಗಳು ಎಲ್ಲೆಂದರಲ್ಲಿ ಚೆಲ್ಲಿಹೋಗುತ್ತವೆ. ಒಂದು ಕುದ್ರುವಿನ (ನದಿ ನಡುವಿನ ದ್ವೀಪದ) ಅಂಚಿನಲ್ಲಿ ಹತ್ತು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಐದು, ಉಳಿದವು ಅರ್ಧ ಕಿಲೋಮೀಟರ್ ಆಚೆ ಚುಕ್ಕಿಗಳು. ಹತ್ತಿರ ಹೋಗಲು ಕೆಸರಿಗಿಳಿದು ಮೊಣಕಾಲವರೆಗೆ ಹೂತು, ಒಂದು ಗಮ್‌ಬೂಟನ್ನು ಅಲ್ಲೇ ಬಿಟ್ಟು ಬಂದೆ. ಒಮ್ಮೆ ಸಾವಿರದ ಇನ್ನೂರು ಕೊಟ್ಟು ದೋಣಿ ಮಾಡಿದೆ. ದೋಣಿ ನೂರು ಮೀಟರ್ ದೂರದಲ್ಲಿರುವಾಗಲೇ ಇಡೀ ಗುಂಪು ಎದ್ದು ಗಂಗೊಳ್ಳಿ ಕಡೆಗೆ ಹಾರಿತು. ಆ ಎರಡು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಹೋಗಿದ್ದೆ. ಹೇಳಿಕೊಳ್ಳುವಂಥದ್ದು ಎಂದರೆ ಒಂದು ಟೆರೆಕ್ ಸ್ಯಾಂಡ್‌ಪೈಪರ್, ಅಷ್ಟೇ.

ದಾರಿ ತೋರಿಸಿದವರು ಚಿಪ್ಪು ಹೆಕ್ಕುವ ಒಬ್ಬ ಅಕ್ಕ. ಬುಟ್ಟಿ ತುಂಬಿಸಿಕೊಂಡು ದಡಕ್ಕೆ ಬರುತ್ತಿದ್ದವರು ನನ್ನನ್ನು ನೋಡಿ, "ಮಾಸ್ತರೇ, ಈಗ ಅವು ಊಟಕ್ಕೆ ಹೋಗಿವೆ. ನೀರು ಏರುವಾಗ ಬನ್ನಿ, ಎಲ್ಲವೂ ಮನೆಗೆ ಬರುತ್ತವೆ" ಎಂದರು. ಎಲ್ಲಿಗೆ ಎಂದು ಕೇಳಿದೆ. ಬುಟ್ಟಿ ಇಳಿಸದೆ, ಗದ್ದ ಎತ್ತಿ ಒಂದು ಮರಳದಿಬ್ಬ ತೋರಿಸಿದರು. ಉಬ್ಬರ ಬಂದು ಕೆಸರೆಲ್ಲ ಮುಳುಗಿದಾಗ ಒಣಗಿ ಉಳಿಯುವುದು ಅದೊಂದೇ. ಇಡೀ ಅಳಿವೆಯ ಹಕ್ಕಿಗಳು ಅಲ್ಲಿಗೆ ಬಂದು ಸಾಲಾಗಿ ನಿಲ್ಲುತ್ತವೆ. ಎರಡು ವರ್ಷ ನಾನು ಹುಡುಕಿಕೊಂಡು ಹೋದ ಹಕ್ಕಿಗಳೇ, ಮೊದಲೇ ಹೋಗಿ ಕುಳಿತರೆ, ನನ್ನ ಕಡೆಗೆ ನಡೆದು ಬರತೊಡಗಿದವು.

ಇನ್ನು ಪಂಚಾಂಗದ ವಿಷಯ. ನಮ್ಮಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನ ಬೆಳಗಿನ ಉಬ್ಬರ ತುಂಬುವುದು ಹತ್ತೂವರೆ, ಹನ್ನೊಂದರ ಆಸುಪಾಸಿಗೆ. ನೀರು ಚೆನ್ನಾಗಿ ಏರುತ್ತದೆ, ಆದರೆ ಅಷ್ಟು ಹೊತ್ತಿಗೆ ಮರಳು ಕಾದು ಝಳ ಏಳುತ್ತದೆ. ಸ್ಕೋಪಿನಲ್ಲಿ (ದೂರದ ಹಕ್ಕಿ ನೋಡುವ ದುರ್ಬೀನಿನಲ್ಲಿ) ಹಕ್ಕಿಯ ಕಾಲು ನೀರಿನಲ್ಲಿ ಕದಡಿದಂತೆ ಅಲುಗುತ್ತದೆ, ಎದೆಯ ಚುಕ್ಕಿ ಗೆರೆಯೋ ಬೊಟ್ಟೋ ತಿಳಿಯುವುದಿಲ್ಲ. ಅಷ್ಟಮಿಯ ಸುತ್ತಮುತ್ತ ನೀರು ಸಾಕಷ್ಟು ಏರುವುದೇ ಇಲ್ಲ, ಕೆಸರು ಅಲ್ಲಲ್ಲಿ ಉಳಿದು ಹಕ್ಕಿಗಳು ಒಂದೆಡೆ ಸೇರುವುದಿಲ್ಲ. ಉಬ್ಬರ ದಿನಕ್ಕೆ ಸುಮಾರು ಐವತ್ತು ನಿಮಿಷ ಹಿಂದೆ ಬೀಳುತ್ತಾ ಹೋಗುತ್ತದಲ್ಲ, ಆ ಲೆಕ್ಕದಲ್ಲಿ ದ್ವಾದಶಿಗೆ ಎಂಟೂವರೆ, ತ್ರಯೋದಶಿಗೆ ಒಂಬತ್ತೂ ಕಾಲು, ಚತುರ್ದಶಿಗೆ ಹತ್ತು. ನೀರೂ ಸಾಕು, ಬೆಳಕೂ ಬೆನ್ನ ಹಿಂದಿನಿಂದ, ಝಳವೂ ಇಲ್ಲ. ಪಕ್ಷಕ್ಕೆ ಮೂರು ದಿನ, ವಲಸೆಯ ಎರಡು ತಿಂಗಳಲ್ಲಿ ಹನ್ನೆರಡು ದಿನ. ಶಾಲೆ, ಜಡಿಮಳೆ ಕಳೆದರೆ ಉಳಿಯುವುದು ಎಂಟೊಂಬತ್ತು. ಅಷ್ಟು ದಿನ ಸಾಕು. ಮೂವತ್ತು ಸಲ ತಿರುಗಿ ಒಂದು ಟೆರೆಕ್ ನೋಡಿದವನು ಈ ಲೆಕ್ಕಕ್ಕೆ ಬಂದ ಮೊದಲ ವರ್ಷವೇ ಎಂಟು ದಿನಗಳಲ್ಲಿ ಆಯ್ಸ್ಟರ್‌ಕ್ಯಾಚರ್, ಬಾರ್-ಟೇಲ್ಡ್ ಗಾಡ್‌ವಿಟ್, ಬ್ರಾಡ್-ಬಿಲ್ಡ್ ಸ್ಯಾಂಡ್‌ಪೈಪರ್ ಮೂರನ್ನೂ ನೋಡಿದೆ. ಮೊಬೈಲಿನಲ್ಲಿ ಉಬ್ಬರದ ವೇಳೆ ತೋರಿಸುವ ಆ್ಯಪ್‌ಗಳಿವೆ, ನಾನೂ ನೋಡುತ್ತೇನೆ. ಆದರೆ ಅವು ಬಂದರಿನ ವೇಳೆ ಹೇಳುತ್ತವೆ, ದಿಬ್ಬದ ವೇಳೆ ಹೇಳುವುದಿಲ್ಲ. ನದಿಯಲ್ಲಿ ಮಳೆನೀರು ತುಂಬಿದ್ದರೆ ಅರ್ಧ ಗಂಟೆಯ ವ್ಯತ್ಯಾಸ ಸುಲಭವಾಗಿ ಬರುತ್ತದೆ.

ಹೋಗಿ ಕುಳಿತ ಮೇಲೆ ಅಪರೂಪದ ಹಕ್ಕಿ ಹುಡುಕಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ನಾನು ಎಣಿಸುತ್ತೇನೆ. ಲೆಸರ್ ಸ್ಯಾಂಡ್ ಪ್ಲವರ್ ಎಷ್ಟು (ಈಗ ಅದನ್ನು ಟಿಬೆಟನ್, ಸೈಬೀರಿಯನ್ ಎಂದು ಎರಡು ಜಾತಿ ಮಾಡಿದ್ದಾರೆ, ನಮ್ಮ ಕಡೆಗೆ ಬರುವುದು ಹೆಚ್ಚಾಗಿ ಟಿಬೆಟನ್), ಕೆಂಟಿಶ್ ಎಷ್ಟು, ಕರ್ಲ್ಯೂ ಸ್ಯಾಂಡ್‌ಪೈಪರ್ ಎಷ್ಟು, ಒಂದೊಂದನ್ನೂ ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ. ಎರಡು ಲೆಕ್ಕ ತಾಳೆಯಾಗದಿದ್ದರೆ ಮೂರನೇ ಸಲ. ಮುನ್ನೂರು ಸಾಮಾನ್ಯ ಹಕ್ಕಿಗಳನ್ನು ಒಂದೊಂದಾಗಿ ನೋಡಿದ ಕಣ್ಣಿಗೆ ಮುನ್ನೂರ ಒಂದನೆಯದು ತಾನಾಗಿ ತಡೆಯುತ್ತದೆ.

2021ರ ಅಕ್ಟೋಬರ್‌ನಲ್ಲೂ ಹೀಗೇ ಒಂದು ತಡೆದಿತ್ತು. ಗ್ರೇಟ್ ನಾಟ್ ಎಂದೇ ಬರೆದು ಕಳುಹಿಸಿದೆ. ಹಕ್ಕಿ ನೋಡಿದವರು ಕಳುಹಿಸುವ ದಾಖಲೆಗಳನ್ನು ಪರಿಶೀಲಿಸುವವರು ಒಪ್ಪಲಿಲ್ಲ. ನನ್ನ ಚಿತ್ರದಲ್ಲಿ ಬೂದು ಮುದ್ದೆಯೊಂದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆದರೆ ಅವರ ಜಾಗದಲ್ಲಿ ನಾನಿದ್ದರೂ ಒಪ್ಪುತ್ತಿರಲಿಲ್ಲ.

ಅಲ್ಲಿಂದ ಹಣ ಹೋಗತೊಡಗಿತು. ಇದ್ದ ಕ್ಯಾಮೆರಾ ಲೆನ್ಸಿಗೆ ಆ ಮಳೆಗಾಲದಲ್ಲೇ ಬೂಷ್ಟು ಹಿಡಿದಿತ್ತು, ಬಿಚ್ಚಿ ಒರೆಸಲು ಆರೂವರೆ ಸಾವಿರ, ಒರೆಸಿದ ಮೇಲೂ ಮೊದಲಿನಂತಾಗಲಿಲ್ಲ. 20ರಿಂದ 60 ಪಟ್ಟು ಹಿಗ್ಗಿಸಿ ತೋರಿಸುವ ಹಳೆಯ ಸ್ಕೋಪ್ ಒಂದನ್ನು ಇಪ್ಪತ್ತೆರಡು ಸಾವಿರಕ್ಕೆ ಕೊಂಡೆ, ಟ್ರೈಪಾಡ್ ಐದು ಸಾವಿರ. ಮೊಬೈಲನ್ನು ಸ್ಕೋಪಿಗೆ ಕೂಡಿಸುವ ಅಡಾಪ್ಟರ್ ಒಂದನ್ನು ನಾಲ್ಕು ಸಾವಿರದಷ್ಟು ಕೊಟ್ಟು ತರಿಸಿದೆ. ಕಡಲಗಾಳಿಗೆ ಅದರ ಸ್ಕ್ರೂ ತುಕ್ಕು ಹಿಡಿದು ಎರಡೇ ತಿಂಗಳಲ್ಲಿ ಮೊಬೈಲ್ ಮರಳಿಗೆ ಬಿತ್ತು. ಕೊನೆಗೆ ಕೆಲಸ ಮಾಡಿದ್ದು ಪಿವಿಸಿ ಪೈಪಿನ ಕಪ್ಲಿಂಗ್. ಆಕ್ಸೋ ಬ್ಲೇಡಿನಿಂದ ಕತ್ತರಿಸಿ, ಹಳೆಯ ಮೊಬೈಲ್ ಕವರಿಗೆ ಎಂ-ಸೀಲ್ ಹಚ್ಚಿ ಅಂಟಿಸಿದ್ದು. ಖರ್ಚು ನೂರ ನಲವತ್ತು ರೂಪಾಯಿ. ಒಳಮೈಗೆ ಏನು ಅಂಟಿಸಿದೆ, ಸ್ಕೋಪಿನ ಕಣ್ಣಿಗೂ ಮೊಬೈಲಿಗೂ ಎಷ್ಟು ಅಂತರ ಬಿಟ್ಟೆ ಎಂಬುದನ್ನು ಹೇಳುವುದಿಲ್ಲ. ಏಳು ಕಪ್ಲಿಂಗ್ ಹಾಳು ಮಾಡಿ ಕಲಿತದ್ದು, ನನ್ನ ಬಳಿಯೇ ಇರಲಿ.

ಹಕ್ಕಿಗೆ ಕಾಣದಂತೆ ಕೂರುವ ಮರೆಯ ವಿಷಯದಲ್ಲೂ ಒಂದು ಪ್ರಯೋಗ ಮಾಡಿದ್ದೆ. ಮಡಲು ಹೆಣೆದು ತಟ್ಟಿ ಕಟ್ಟಿದೆ. ಹಕ್ಕಿಗಳು ಅದನ್ನು ಲೆಕ್ಕಿಸಲಿಲ್ಲ. ಆದರೆ ನಾಯಿಗಳು ಬಂದು ಮೂಸಿದವು, ಹುಡುಗರು ಇಣುಕಿದರು, ಮೂರನೇ ದಿನ ಗಾಳಿ ಕೊಂಡೊಯ್ದಿತು. ದಡಕ್ಕೆ ಎಳೆದಿಟ್ಟ ದೋಣಿಯ ಪಕ್ಕ ಬಲೆ ಸರಿಮಾಡುತ್ತಾ ಕೂರುವವರನ್ನು ಹಕ್ಕಿಗಳು ಇಲ್ಲಿ ಇಳಿದಾಗಲೆಲ್ಲ ನೋಡುತ್ತವೆ. ಅವರ ಜೊತೆ ಕಪ್ಪು ಛತ್ರಿ ಹಿಡಿದು ಕುಳಿತರೆ ಮೂವತ್ತು ಮೀಟರ್‌ವರೆಗೂ ಬರುತ್ತವೆ. ಎದ್ದು ನಿಲ್ಲಬಾರದು, ಅದೊಂದೇ ನಿಯಮ.

ಇನ್ನೊಂದು ಪ್ರಯೋಗ ಮನೆಯ ತಾರಸಿಯ ಮೇಲೆ. ನವೆಂಬರ್‌ನಲ್ಲಿ ನಾಗಾಲ್ಯಾಂಡ್ ಕಡೆಯಿಂದ ಹೊರಡುವ ಅಮೂರ್ ಚಾಣಗಳು ದಕ್ಷಿಣ ಭಾರತ ದಾಟಿ ಅರಬ್ಬಿ ಸಮುದ್ರದ ಮೇಲೆ ಆಫ್ರಿಕಕ್ಕೆ ಹೋಗುತ್ತವೆ. ಅದೇ ಕಾಲಕ್ಕೆ ಪ್ಯಾಂಟಲಾ ಎಂಬ ಏರೋಪ್ಲೇನ್ ಚಿಟ್ಟೆಗಳೂ ಅದೇ ದಾರಿ ಹಿಡಿಯುತ್ತವೆ. ದಾರಿಯಲ್ಲಿ ಚಾಣಗಳ ಬುತ್ತಿ ಅವೇ ಎನ್ನುತ್ತಾರೆ. ಚಿಟ್ಟೆ ಹೆಚ್ಚಿದ ದಿನ ಚಾಣ ಬರಬಹುದೇ ಎಂದು ಬಟ್ಟೆ ಒಣಹಾಕುವ ತಂತಿಯನ್ನು ಗೆರೆಯಾಗಿಟ್ಟುಕೊಂಡು, ಐದು ನಿಮಿಷದಲ್ಲಿ ಅದನ್ನು ದಾಟುವ ಚಿಟ್ಟೆಗಳನ್ನು ಎಣಿಸಿದೆ. ಎರಡು ವರ್ಷ ಚಿಟ್ಟೆ ಮಾತ್ರ. ಮೂರನೇ ವರ್ಷ ಒಂದು ಸಂಜೆ ನಿಮಿಷಕ್ಕೆ ನಲವತ್ತರಂತೆ ಚಿಟ್ಟೆ ದಾಟುತ್ತಿದ್ದಾಗ ಮೂರು ಚಾಣ ತೀರಾ ಮೇಲಿನಿಂದ ಹಾದುಹೋದವು. ಮೂರರಿಂದ ಏನೂ ಸಾಬೀತಾಗುವುದಿಲ್ಲ, ಎಣಿಕೆ ಮುಂದುವರಿದಿದೆ.

ಆ ತ್ರಯೋದಶಿಗೆ ಅರ್ಧ ದಿನ ರಜೆ ಹಾಕಿದ್ದೆ. ರಾತ್ರಿ ಮಳೆ ಸುರಿದು ಬೆಳಗಿಗೆ ಹೊಳವಾಗಿತ್ತು. ಆರೂವರೆಗೆ ದೋಣಿಯ ಪಕ್ಕ ಕುಳಿತೆ. ಎಂಟಕ್ಕೆ ಹಕ್ಕಿಗಳು ಇಳಿಯತೊಡಗಿದವು. ಮೊದಲ ಸುತ್ತಿನಲ್ಲಿ ಮುನ್ನೂರ ನಲವತ್ತು ಚಿಲ್ಲರೆ. ಎರಡನೇ ಸುತ್ತಿನಲ್ಲಿ ಎರಡು ಗ್ರೇ ಪ್ಲವರ್‌ಗಳ ನಡುವೆ, ಕೊಕ್ಕನ್ನು ಬೆನ್ನ ಗರಿಯಲ್ಲಿ ಹುದುಗಿಸಿ ಒಂಟಿಕಾಲಿನಲ್ಲಿ ನಿಂತ ಹಕ್ಕಿಯ ಬಳಿ ಎಣಿಕೆ ನಿಂತಿತು. ಕರ್ಲ್ಯೂ ಸ್ಯಾಂಡ್‌ಪೈಪರ್‌ಗಿಂತ ದೊಡ್ಡದು, ಮೈ ತುಂಬಿಕೊಂಡದ್ದು, ಎದೆಯ ಪಕ್ಕದಲ್ಲಿ ಶಾಯಿ ಚಿಮುಕಿಸಿದಂತೆ ಕಡುಚುಕ್ಕಿಗಳು. ಕೊಕ್ಕು ಕಾಣದೆ ಏನೂ ಹೇಳುವಂತಿಲ್ಲ. ಹದಿಮೂರು ನಿಮಿಷ ಅದು ನಿದ್ದೆ ಮಾಡಿತು. ನಾನು ರೆಪ್ಪೆ ಬಡಿಯಲೂ ಹೆದರಿ ಕುಳಿತಿದ್ದೆ. ಆಮೇಲೆ ಗರುಡವೊಂದು ತಗ್ಗಿನಲ್ಲಿ ಹಾದುಹೋಯಿತು. ಗುಂಪು ಏಳಲಿಲ್ಲ, ಆದರೆ ಎಲ್ಲವೂ ತಲೆ ಎತ್ತಿದವು. ತಲೆಗಿಂತ ಸ್ವಲ್ಪ ಉದ್ದದ, ತುದಿಗೆ ಚೂರೇ ಬಾಗಿದ ಕಪ್ಪು ಕೊಕ್ಕು. ರೆಕ್ಕೆ ಬಿಡಿಸಿ ಮಡಚಿದಾಗ ಬಾಲದ ಬುಡ ಬೆಳ್ಳಗೆ ಮಿಂಚಿತು. ಕೈ ನಡುಗುತ್ತಿತ್ತು. ನಡುಗುವ ಕೈಯನ್ನು ಮೊಬೈಲಿನಿಂದ ತೆಗೆದು, ಇಯರ್‌ಫೋನ್ ಗುಂಡಿಯಿಂದಲೇ ಹನ್ನೊಂದು ಚಿತ್ರ ತೆಗೆದೆ. ನಾಲ್ಕು ಸ್ಪಷ್ಟವಾಗಿ ಬಂದವು. ದಾಖಲೆ ಈ ಸಲ ಮರುಮಾತಿಲ್ಲದೆ ಒಪ್ಪಿತವಾಯಿತು.

ಈಶಾನ್ಯ ಸೈಬೀರಿಯದ ಬೆಟ್ಟಗಳಲ್ಲಿ ಗೂಡು ಕಟ್ಟುವ ಹಕ್ಕಿ ಇದು. ಇದರ ಬಹುಪಾಲು ಬಳಗ ಚೀನಾ, ಕೊರಿಯಾ ತೀರದಲ್ಲಿ ಇಳಿದು, ಮೇದು, ಆಸ್ಟ್ರೇಲಿಯಕ್ಕೆ ಹೋಗುತ್ತದೆ. ದಕ್ಷಿಣ ಕೊರಿಯಾದ ಸೇಮಾಂಗಮ್ ಅಳಿವೆಗೆ 2006ರಲ್ಲಿ ಕಡಲಗೋಡೆ ಕಟ್ಟಿ ಮುಗಿಸಿದ ಮೇಲೆ ಅಲ್ಲಿ ಇಳಿಯುತ್ತಿದ್ದ ಹತ್ತಾರು ಸಾವಿರ ಗ್ರೇಟ್ ನಾಟ್‌ಗಳಿಗೆ ನೆಲೆ ತಪ್ಪಿತು. ಇಂದು ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ನನ್ನೆದುರು ಒಂಟಿಕಾಲಿನಲ್ಲಿ ನಿದ್ದೆ ಮಾಡಿದ್ದು ಆ ಜಾತಿಯದ್ದು. ಹಾಗಾಗಿ ದಿಬ್ಬ ಕೋಡಿಯ ಕಡೆಯದೋ ಗಂಗೊಳ್ಳಿಯ ಕಡೆಯದೋ ಎಂದು ಕೇಳಿದವರಿಗೆ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಉಬ್ಬರದ ಹೊತ್ತಿನಲ್ಲಿ ಅವುಗಳಿಗೆ ಹೋಗಲು ಬೇರೆ ಜಾಗವಿಲ್ಲ. ನಾಲ್ಕು ಜನ ಕ್ಯಾಮೆರಾ ಹಿಡಿದು ಹತ್ತಿರ ನಡೆದರೆ, ಮೇದು ಕೂಡಿಟ್ಟ ಕಸುವೆಲ್ಲ ಸುಮ್ಮನೆ ಹಾರುವುದರಲ್ಲೇ ಹೋಗುತ್ತದೆ.

ಗೆಳೆಯರನ್ನು ಮಾತ್ರ ಮುಂದಿನ ದ್ವಾದಶಿಗೆ ಕರೆದುಕೊಂಡು ಹೋದೆ. ಗ್ರೇಟ್ ನಾಟ್ ಇರಲಿಲ್ಲ. ಅವರು ಎರಡು ಗಂಟೆ ಎದ್ದು ನಿಲ್ಲದೆ ಕುಳಿತು, ಇನ್ನೂರ ಎಪ್ಪತ್ತಾರು ಸ್ಯಾಂಡ್ ಪ್ಲವರ್ ಎಣಿಸಿದರು. ನನ್ನ ಲೆಕ್ಕ ಇನ್ನೂರ ಎಪ್ಪತ್ತೊಂದು.