ನಾಲಿಗೆ ಚುಚ್ಚಿಸಿಕೊಳ್ಳುವವರು ತಿಳಿದಿರಬೇಕಾದದ್ದು

ಮುಂಬಯಿಯಲ್ಲಿ ನಾಲಿಗೆ ಚುಚ್ಚಿಸಿಕೊಳ್ಳಲು ಹೊರಟವರು ದರಕ್ಕಿಂತ ಮೊದಲು ಸೂಜಿಯನ್ನು ವಿಚಾರಿಸಬೇಕು: ಒಮ್ಮೆ ಮಾತ್ರ ಬಳಸುವ ಟೊಳ್ಳು ಸೂಜಿಯ ಪೊಟ್ಟಣವನ್ನು ನಿಮ್ಮೆದುರಿಗೇ ಬಿಚ್ಚದ, ಕಿವಿ ಚುಚ್ಚುವ ಗನ್ನನ್ನೇ ನಾಲಿಗೆಗೂ ಹಿಡಿಯುವ ಅಂಗಡಿಯಿಂದ ಹಿಂದಿರುಗಿ ಬರುವುದೇ ಲೇಸು. ಹೃದಯದ ಕವಾಟದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಚುಚ್ಚಿದ ರಂಧ್ರಕ್ಕೆ ತುದಿಗಳಲ್ಲಿ ಗುಂಡಿರುವ, ಇಂಪ್ಲಾಂಟ್ ದರ್ಜೆಯ (ದೇಹದೊಳಗೆ ಇಡಲು ಯೋಗ್ಯವಾದ) ಟೈಟಾನಿಯಂ ಕಡ್ಡಿಯನ್ನೇ ಹಾಕಿಸಿಕೊಳ್ಳಿ. ಮೊದಲ ಕಡ್ಡಿ ಉದ್ದವಾಗಿದ್ದು ಹಲ್ಲಿಗೆ ತಗಲುತ್ತದೆ. ಊತಕ್ಕೆ ಜಾಗ ಬೇಕಾದ್ದರಿಂದ ಅದು ಹಾಗೆಯೇ ಇರಬೇಕು.

ಊತ ಮೊದಲ 3ರಿಂದ 5 ದಿನ ಹೆಚ್ಚು. ಡೊಂಬಿವಲಿಯಲ್ಲಿರುವ ನನ್ನ ತಂಗಿಯ ಮಗಳು ಎರಡನೆಯ ದಿನ ಕನ್ನಡಿಯ ಮುಂದೆ ನಾಲಿಗೆ ಚಾಚಿ, ಗುಂಡಿನ ಸುತ್ತ ಕಂಡ ತೆಳು ಬಿಳಿಯ ದ್ರವವನ್ನು ಕೀವೆಂದು ಹೆದರಿದ್ದಳು. ಗಾಯ ಮಾಯುವಾಗ ಅದು ಒಸರುವುದು ಸಹಜ. ಮಂಜುಗಡ್ಡೆಯ ಚೂರು, ತಣ್ಣನೆಯ ಮೊಸರನ್ನ, ಆರಿದ ಗಂಜಿ ಸಾಕು. ಮಾಟುಂಗಾದ ಬಿಸಿ ಸಾರು, ವಡಾಪಾವಿನ ಒಣ ಚಟ್ನಿ ಕಾಯಲಿ. ಪ್ರತಿ ಊಟದ ನಂತರ, ಕಾಯಿಸಿ ಆರಿಸಿದ 250 ಮಿಲಿ ನೀರಿಗೆ ಕಾಲು ಟೀ ಚಮಚ ಉಪ್ಪು ಬೆರೆಸಿ 30 ಸೆಕೆಂಡು ಮುಕ್ಕಳಿಸಿ. ಉಪ್ಪು ಹೆಚ್ಚಾದರೆ ಗಾಯ ಉರಿಯುತ್ತದೆ. ಆಲ್ಕೋಹಾಲ್ ಇರುವ ಮೌತ್‌ವಾಶ್, ಮದ್ಯ, ಸಿಗರೇಟು, ಗುಟ್ಕಾ ಬೇಡ. ದಿನಕ್ಕೊಮ್ಮೆ ಕೈ ತೊಳೆದುಕೊಂಡು ಗುಂಡು ಬಿಗಿಯಾಗಿದೆಯೇ ನೋಡಿ.

2ರಿಂದ 4 ವಾರಗಳಲ್ಲಿ ಊತ ಇಳಿದ ಮೇಲೆ ಚುಚ್ಚಿದವರಿಂದಲೇ ಗಿಡ್ಡ ಕಡ್ಡಿ ಹಾಕಿಸಿಕೊಳ್ಳಿ; ಉದ್ದದ್ದೇ ಉಳಿದರೆ ಹಲ್ಲಿನ ಅಂಚು ಒಡೆಯಬಹುದು, ಒಸಡು ಸವೆಯಬಹುದು. ಜ್ವರ, ದುರ್ವಾಸನೆಯ ಕೀವು ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು. ಬಾಯಿಯ ತಳ ಊದಿ ನುಂಗಲು, ಉಸಿರಾಡಲು ಕಷ್ಟವಾದರೆ ತಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಕಡ್ಡಿಯನ್ನು ನೀವೇ ತೆಗೆಯಬೇಡಿ. ಹೊಸ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಬಹುದು.