ಪುಸ್ತಕ ಎಲ್ಲಿಟ್ಟಿದ್ದೀರಿ?

ದೂರ ಶಿಕ್ಷಣದ ಬೋಧಕಿಯಾಗಿ ಸೇರಿದ ಮೊದಲ ವರ್ಷ ನನ್ನ ಮೇಜಿಗೆ ಬಂದ ಒಂದು ಅಸೈನ್‌ಮೆಂಟ್ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆರು ಹಾಳೆ, ಎಡಗಡೆ ಸ್ಕೇಲು ಹಿಡಿದು ಎಳೆದ ಅಂಚಿನ ಗೆರೆ. ಮೊದಲ ಪುಟದಲ್ಲಿ ಹೆಸರು, ನೋಂದಣಿ ಸಂಖ್ಯೆ, ವಿಷಯ. ಎರಡನೆಯ ಪುಟದಲ್ಲಿ ಮೊದಲ ಪ್ರಶ್ನೆಯನ್ನು ದುಂಡಗಿನ ಅಕ್ಷರಗಳಲ್ಲಿ ನಕಲು ಮಾಡಿ, ಅಡಿಗೆರೆ ಎಳೆದು, ಕೆಳಗೆ ‘ಉತ್ತರ:’ ಎಂದು ಬರೆದಿತ್ತು. ಮುಂದೆ ಏನೂ ಇರಲಿಲ್ಲ. ಇರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಆ ಪದದ ಪಕ್ಕದಲ್ಲಿ ಪೆನ್ನಿನ ತುದಿ ಊರಿ ಊರಿ ಎತ್ತಿದ ಏಳೆಂಟು ಚುಕ್ಕೆಗಳಿದ್ದವು.

ನಾನು ಸೊನ್ನೆ ಹಾಕಿದೆ. ಕೆಂಪು ಶಾಯಿಯಲ್ಲಿ ‘ಉತ್ತರ ಬರೆದಿಲ್ಲ’ ಎಂದು ಷರಾ ಬರೆದು ವಾಪಸು ಕಳುಹಿಸಿದೆ. ನಿಯಮದ ಪ್ರಕಾರ ಅದರಲ್ಲಿ ತಪ್ಪೇನಿಲ್ಲ. ಆ ಮನುಷ್ಯ ಮತ್ತೆ ಸಂಪರ್ಕ ತರಗತಿಗೆ ಬರಲಿಲ್ಲ, ಪರೀಕ್ಷಾ ಶುಲ್ಕ ಕಟ್ಟಲಿಲ್ಲ, ಫೋನನ್ನೂ ಎತ್ತಲಿಲ್ಲ. ಆ ಚುಕ್ಕೆಗಳ ಅರ್ಥ ನನಗೆ ಹೊಳೆದದ್ದು ಎರಡು ವರ್ಷಗಳ ನಂತರ, ಇನ್ನಷ್ಟು ಜನ ಅದೇ ಜಾಗದಲ್ಲಿ ಬಿಟ್ಟುಹೋದ ಮೇಲೆ.

ಉನ್ನತ ಶಿಕ್ಷಣದ ಬಾಗಿಲನ್ನು ಅಗಲ ಮಾಡುವ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಪ್ರವೇಶಾತಿಯ ಲೆಕ್ಕ ಹೇಳುತ್ತಾರೆ. ನನ್ನ ಹದಿನಾಲ್ಕು ವರ್ಷಗಳ ಕೆಲಸದಲ್ಲಿ ಪ್ರವೇಶಾತಿ ಎಂದೂ ನನಗೆ ತಲೆನೋವಾಗಿರಲಿಲ್ಲ. ಜನ ಬರುತ್ತಾರೆ. ಓದು ಬಿಟ್ಟು ಇಪ್ಪತ್ತು ವರ್ಷವಾದವರು, ಮಕ್ಕಳ ಶಾಲೆ ಮುಗಿಯುವವರೆಗೆ ಕಾದ ತಾಯಂದಿರು, ಬಡ್ತಿಗೆ ಪದವಿ ಬೇಕಾದವರು, ಏನೂ ಬೇಡ ಎಂದು ಸುಮ್ಮನೆ ಓದಲು ಬಂದವರು, ಎಲ್ಲರೂ ಬರುತ್ತಾರೆ. ಅವರು ಜಾರಿಹೋಗುವುದು ಮೊದಲ ಅಸೈನ್‌ಮೆಂಟಿನ ಆಸುಪಾಸಿನಲ್ಲಿ. ಅದನ್ನು ದಾಟಿದವರು ಬಹುಮಟ್ಟಿಗೆ ಉಳಿಯುತ್ತಾರೆ. ಹಾಗಾಗಿ ನನ್ನ ಶಕ್ತಿಯನ್ನೆಲ್ಲ ಮೊದಲ ಎಂಟು ವಾರಗಳಿಗೆ ಸುರಿಯಲು ತೀರ್ಮಾನಿಸಿದೆ.

ಈ ತೀರ್ಮಾನಕ್ಕೆ ಬರುವ ಹೊತ್ತಿಗೆ ದೂರ ಶಿಕ್ಷಣದ ಹಳೆಯ ಕಥೆಗಳನ್ನೂ ಸ್ವಲ್ಪ ಓದಿಕೊಂಡಿದ್ದೆ. ಲಂಡನ್ ವಿಶ್ವವಿದ್ಯಾಲಯ 1858ರಲ್ಲಿ ತನ್ನ ಪರೀಕ್ಷೆಗಳನ್ನು ಎಲ್ಲಿ ಓದಿದವರಿಗಾದರೂ ತೆರೆದಿಟ್ಟಿತು. 1878ರಲ್ಲಿ ಮಹಿಳೆಯರಿಗೂ ಪದವಿ ಪಡೆಯಲು ಅವಕಾಶ ಕೊಟ್ಟಿತು. ದೊಡ್ಡ ಹೆಜ್ಜೆಗಳೇ. ಆದರೆ ಅದು ಪರೀಕ್ಷೆ ನಡೆಸುತ್ತಿತ್ತು, ಪಾಠ ಹೇಳುತ್ತಿರಲಿಲ್ಲ. ಓದುವುದು ಹೇಗೆ ಎಂಬುದು ಅವರವರ ಪಾಡು. ಅದಕ್ಕೂ ಮುಂಚೆ, 1840ರಲ್ಲಿ, ಐಸಾಕ್ ಪಿಟ್‌ಮನ್ ಅಂಚೆಯ ಮೂಲಕ ಶೀಘ್ರಲಿಪಿ ಕಲಿಸಲು ಶುರುಮಾಡಿದ. ವಿದ್ಯಾರ್ಥಿಗಳು ಬೈಬಲಿನ ಭಾಗಗಳನ್ನು ಶೀಘ್ರಲಿಪಿಯಲ್ಲಿ ಬರೆದು ಕಳುಹಿಸುತ್ತಿದ್ದರು, ಅವನು ತಿದ್ದಿ ಹಿಂದಿರುಗಿಸುತ್ತಿದ್ದ. ನನಗೆ ಲಂಡನ್ನಿನ ಪರೀಕ್ಷೆಗಿಂತ ಪಿಟ್‌ಮನ್ನನ ಅಂಚೆಯೇ ಹತ್ತಿರದ್ದು ಅನ್ನಿಸುತ್ತದೆ. ಅಲ್ಲಿ ಕಾಗದ ಎರಡು ಕಡೆಯಿಂದಲೂ ಓಡಾಡುತ್ತಿತ್ತು.

ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯದ ವಿಷಯದಲ್ಲೂ ಹೀಗೆಯೇ. 1963ರಲ್ಲಿ, ಆಗಿನ ವಿರೋಧ ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್ ಅದನ್ನು ಪ್ರಸಾರದ ಮೂಲಕ ಕಲಿಸುವ ವಿಶ್ವವಿದ್ಯಾಲಯವಾಗಿ ಕಲ್ಪಿಸಿದ್ದರು. ಅದಕ್ಕೆ ರೂಪ ಕೊಟ್ಟವರು ಸಚಿವೆ ಜೆನ್ನಿ ಲೀ. 1969ರಲ್ಲಿ ಸನ್ನದು ಸಿಕ್ಕಿ, 1971ರ ಜನವರಿಯಲ್ಲಿ ಸುಮಾರು 25,000 ಮಂದಿ ಯಾವ ಪೂರ್ವ ಅರ್ಹತೆಯ ಷರತ್ತೂ ಇಲ್ಲದೆ ಓದಲು ಕುಳಿತರು. ಟಿವಿಯಲ್ಲಿ ಪಾಠ ಮಾಡುವ ಪ್ರಾಧ್ಯಾಪಕರನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಆ ತಡರಾತ್ರಿಯ ಪ್ರಸಾರಗಳು 2006ರಲ್ಲಿ ನಿಂತುಹೋದವು, ವಿಶ್ವವಿದ್ಯಾಲಯ ನಿಲ್ಲಲಿಲ್ಲ. ಪ್ರತಿ ವಿದ್ಯಾರ್ಥಿಗೂ ಒಬ್ಬ ಬೋಧಕ, ಆ ಬೋಧಕ ಓದಿ ಟಿಪ್ಪಣಿ ಬರೆಯುವ ಅಸೈನ್‌ಮೆಂಟ್ ಎಂಬ ವ್ಯವಸ್ಥೆ ಅಲ್ಲಿ ಮೊದಲಿನಿಂದಲೂ ಇತ್ತು. ನನ್ನ ಕೆಲಸ ಆ ಸಾಲಿನದು ಎಂದುಕೊಂಡ ಮೇಲೆ ಕೆಂಪು ಪೆನ್ನನ್ನು ಡ್ರಾಯರಿಗೆ ಹಾಕಿ ಪೆನ್ಸಿಲ್ ಹಿಡಿದೆ.

ಆ ಎಂಟು ವಾರಗಳಲ್ಲಿ ಮುಖ್ಯವಾಗಿ ಮೂರು ಕೆಲಸ ಮಾಡುತ್ತೇನೆ. ಮೊದಲ ದಿನ ನಾನು ಪಠ್ಯವನ್ನು ಮುಟ್ಟುವುದೇ ಇಲ್ಲ. ಒಂದೊಂದು ಹಾಳೆ ಕೊಟ್ಟು, ಮೇಲೆ 168 ಎಂದು ಬರೆಯಲು ಹೇಳುತ್ತೇನೆ. ವಾರದಲ್ಲಿ ಇರುವ ಗಂಟೆಗಳು ಅಷ್ಟೇ. ನಿದ್ದೆಯನ್ನು ಕಳೆಯಿರಿ, ಕೆಲಸ ಕಳೆಯಿರಿ, ಓಡಾಟ ಕಳೆಯಿರಿ, ಮನೆಯ ಕೆಲಸ, ಮಕ್ಕಳು, ವಯಸ್ಸಾದವರ ಆರೈಕೆ ಎಲ್ಲ ಕಳೆಯಿರಿ. ಹೆಚ್ಚಿನವರ ಹಾಳೆಯಲ್ಲಿ ಕೊನೆಗೆ ಉಳಿಯುವುದು ಐದಾರು ಗಂಟೆ. ಕೆಲವರದು ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಹೆಣ್ಣುಮಕ್ಕಳ ಹಾಳೆ ಹೀಗೆ ಹೋಗುವುದು ಹೆಚ್ಚು. ನಿದ್ದೆಯಲ್ಲಿ ಕದ್ದು ಲೆಕ್ಕ ಸರಿಮಾಡುತ್ತಾರೆ. ಆಮೇಲೆ ಕ್ರೆಡಿಟ್ಟಿನ ಲೆಕ್ಕ ತೋರಿಸುತ್ತೇನೆ. ಯುರೋಪಿನ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಯ ದುಡಿಮೆ, ಪೂರ್ಣಾವಧಿಯ ಒಂದು ವರ್ಷ ಎಂದರೆ 60 ಕ್ರೆಡಿಟ್. ಐದು ಕ್ರೆಡಿಟ್ಟಿನ ಒಂದೇ ಒಂದು ವಿಷಯಕ್ಕೆ 150 ಗಂಟೆ ಹಿಡಿಯಿತು ಎನ್ನಿ. ವಾರಕ್ಕೆ ಆರು ಗಂಟೆ ಸಿಗುವವರಿಗೆ ಅದು 25 ವಾರಗಳ ಕೆಲಸ. ಇಷ್ಟು ಕಂಡ ಮೇಲೆ ನಾಲ್ಕು ವಿಷಯ ತೆಗೆದುಕೊಂಡವರು ತಾವಾಗಿಯೇ ಎರಡಕ್ಕೆ ಇಳಿಯುತ್ತಾರೆ.

ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದರಲ್ಲಿ ಇದಕ್ಕೆ ಮೂಗು ಮುರಿದರು. ವಿಷಯ ಕಡಿಮೆಯಾದರೆ ಶುಲ್ಕವೂ ಕಡಿಮೆ. ‘ಮೊದಲ ದಿನವೇ ಹೆದರಿಸಿ ಕಳುಹಿಸುತ್ತೀರಲ್ಲ’ ಎಂದರು ಅಲ್ಲಿನ ಅಧಿಕಾರಿ. ಹೆದರಿಸುವುದು ಬೇರೆ, ಲೆಕ್ಕ ಹೇಳುವುದು ಬೇರೆ ಎಂದು ವಾದಿಸಿದೆ. ವಾದ ಗೆಲ್ಲಲಿಲ್ಲ. ಆದರೂ ಹಾಳೆ ಕೊಡುವುದನ್ನು ಬಿಡಲಿಲ್ಲ.

ಎರಡನೆಯದು ಮೂರನೇ ವಾರದ ಫೋನು. ಮೊದಮೊದಲು ‘ಓದು ಹೇಗೆ ನಡೆದಿದೆ?’ ಎಂದು ಕೇಳುತ್ತಿದ್ದೆ. ‘ಚೆನ್ನಾಗಿದೆ ಮೇಡಂ’ ಎನ್ನುತ್ತಿದ್ದರು, ಸಂಭಾಷಣೆ ಅಲ್ಲಿಗೆ ಮುಗಿಯುತ್ತಿತ್ತು. ದೊಡ್ಡವರು ಸೋಲನ್ನು ಹೇಳಿಕೊಳ್ಳುವುದಿಲ್ಲ, ಅದರಲ್ಲೂ ತಮಗಿಂತ ಚಿಕ್ಕ ವಯಸ್ಸಿನ ಬೋಧಕಿಗೆ ಖಂಡಿತ ಹೇಳುವುದಿಲ್ಲ. ಒಮ್ಮೆ ಬಾಯಿಗೆ ಬಂದಂತೆ ‘ಪುಸ್ತಕ ಎಲ್ಲಿಟ್ಟಿದ್ದೀರಿ?’ ಎಂದು ಕೇಳಿಬಿಟ್ಟೆ. ಆ ಕಡೆ ನಗು ಕೇಳಿಸಿತು. ‘ಬೀರುವಿನ ಮೇಲೆ’ ಎಂದರು. ಆಮೇಲೆ ಎಲ್ಲರನ್ನೂ ಅದನ್ನೇ ಕೇಳತೊಡಗಿದೆ. ಕೆಲಸದ ಚೀಲದಲ್ಲಿ ಎಂದವರು ಓದುತ್ತಿದ್ದಾರೆ. ಮಗಳ ಮೇಜಿನ ಮೇಲೆ ಎಂದವರಿಗೆ ಸ್ವಂತ ಜಾಗವಿಲ್ಲ. ಬಂದ ಲಕೋಟೆಯಲ್ಲೇ ಇದೆ ಎಂದವರ ಜೊತೆ ಫೋನಿನಲ್ಲೇ ಕುಳಿತು ಲಕೋಟೆ ಒಡೆಸಿ, ಮೊದಲ ಘಟಕದ ಮೊದಲ ಪುಟವನ್ನು ಗಟ್ಟಿಯಾಗಿ ಓದಿಸಿದ್ದೇನೆ. ಒಂದು ಕರೆಗೆ ಹತ್ತು ನಿಮಿಷ ಸಾಕು. ಹೇಳುವಷ್ಟು ಸುಲಭವೂ ಅಲ್ಲ. ಮೂವತ್ತು ಜನರಿಗೆ ಮಾಡಿದರೆ ಐದು ಗಂಟೆ, ಅದಕ್ಕೆ ಸಂಭಾವನೆ ಇಲ್ಲ.

ಮೂರನೆಯದನ್ನು ನಾನು ‘ಸೊನ್ನೆಯ ಅಸೈನ್‌ಮೆಂಟ್’ ಎಂದು ಕರೆಯುತ್ತೇನೆ. ಆ ಹಳೆಯ ಸೊನ್ನೆಗೆ ಇದು ನನ್ನ ಪ್ರಾಯಶ್ಚಿತ್ತ. ಅಂಕಗಳಿಲ್ಲ, ಪುಸ್ತಕ ನೋಡುವಂತಿಲ್ಲ, ಅರ್ಧ ಪುಟ. ವಿಷಯ ಇಷ್ಟೇ: ನೀವು ದಿನವೂ ಮಾಡುವ ಕೆಲಸದಲ್ಲಿ ಹೊಸಬರು ತಪ್ಪು ಮಾಡುವುದು ಎಲ್ಲಿ?

ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಸಹಾಯಕಿಯಾಗಿದ್ದ ಒಬ್ಬರು ಹಾಸಿಗೆ ಹಿಡಿದ ರೋಗಿಯನ್ನು ಮಗ್ಗುಲಿಗೆ ಹೊರಳಿಸುವ ಬಗ್ಗೆ ಬರೆದಿದ್ದರು. ನಲವತ್ತೇಳು ವರ್ಷದವರು, ಬರೆಯುವುದೆಂದರೆ ಕೈ ನಡುಗುತ್ತದೆ ಎಂದು ಮೊದಲೇ ಹೇಳಿದ್ದರು. ಹೊಸಬರು ತೋಳು ಹಿಡಿದು ಎಳೆಯುತ್ತಾರೆ, ಹಾಗೆ ಎಳೆಯಬಾರದು, ಏಕೆಂದರೆ ಭುಜದ ಕೀಲು ಮೊದಲೇ ಸಡಿಲವಾಗಿರುತ್ತದೆ. ಮೊದಲು ಆಚೆಯ ಮೊಣಕಾಲನ್ನು ಮಡಿಸಬೇಕು, ಏಕೆಂದರೆ ಆಗ ಸೊಂಟ ತಾನಾಗಿ ತಿರುಗುತ್ತದೆ. ಹೊರಳಿಸುವ ಮುಂಚೆ ರೋಗಿಗೆ ಹೇಳಬೇಕು, ಪ್ರಜ್ಞೆ ಇಲ್ಲದವರಿಗೂ ಹೇಳಬೇಕು, ಏಕೆಂದರೆ ಇಲ್ಲ ಎಂದು ನಮಗೆ ಹೇಗೆ ಗೊತ್ತು? ಹೀಗೆ ಹದಿನಾಲ್ಕು ಸಾಲು.

ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಏಕೆಂದರೆ’ ಎಂದಿರುವ ಕಡೆಯಲ್ಲೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಲು ಹೇಳಿದೆ. ಹಾಕಿ, ಎಣಿಸಿ, ‘ಮೂರು’ ಎಂದರು.

‘ಪ್ರಶ್ನೆಪತ್ರಿಕೆಯಲ್ಲಿ ವಿಶ್ಲೇಷಿಸಿ ಎಂದು ಕೇಳುತ್ತಾರಲ್ಲ, ಅದು ಇದೇ’ ಎಂದೆ.

‘ಇದೇನಾ?’ ಎಂದರು. ದನಿಯಲ್ಲಿ ಸಂತೋಷಕ್ಕಿಂತ ಸ್ವಲ್ಪ ಸಿಟ್ಟೇ ಇತ್ತು. ಇಷ್ಟು ದಿನ ಯಾರೂ ಇದನ್ನು ಹೇಳಿರಲಿಲ್ಲ ಎಂಬ ಸಿಟ್ಟು. ಅದು ನ್ಯಾಯವಾದದ್ದೇ. ಅವರ ಮೊದಲ ನಿಜವಾದ ಅಸೈನ್‌ಮೆಂಟ್ ಸಮಾಜಶಾಸ್ತ್ರದ್ದು. ಭಾಷೆ ಒರಟಾಗಿತ್ತು, ಆದರೆ ಪ್ರತಿ ಹೇಳಿಕೆಯ ಬೆನ್ನಿಗೂ ಒಂದು ಕಾರಣವಿತ್ತು.

ಹಿಂದಿರುಗಿಸುವಾಗ ಎರಡೇ ಟಿಪ್ಪಣಿ ಬರೆಯುತ್ತೇನೆ. ಯಾವುದು ಕೆಲಸ ಮಾಡಿದೆ ಎಂಬುದು ಒಂದು, ಮುಂದಿನ ಸಲ ಏನು ಮಾಡಬೇಕು ಎಂಬುದು ಇನ್ನೊಂದು. ಕಾಗುಣಿತದ ಹದಿನೆಂಟು ತಪ್ಪು ಕಂಡರೂ ಕೈ ಕಟ್ಟಿಕೊಳ್ಳುತ್ತೇನೆ. ಇದು ನನ್ನ ಸ್ವಭಾವಕ್ಕೆ ವಿರುದ್ಧ. ಕಾಗುಣಿತ ತಪ್ಪಿದ ನಾಮಫಲಕ ಕಂಡರೆ ನನಗೆ ನಿದ್ದೆ ಬರುವುದಿಲ್ಲ. ಐದು ದಿನಗಳ ಒಳಗೆ ಹಿಂದಿರುಗಿಸುವುದನ್ನು ಮಾತ್ರ ಎಂದೂ ತಪ್ಪಿಸಿಲ್ಲ. ಆರು ವಾರ ಬಿಟ್ಟು ಬಂದ ಟಿಪ್ಪಣಿಯನ್ನು ಯಾರೂ ಓದುವುದಿಲ್ಲ, ಅಂಕ ನೋಡಿ ಮಡಿಸಿಡುತ್ತಾರೆ.

‘ಈ ವಯಸ್ಸಿನಲ್ಲಿ ತಲೆಗೆ ಹತ್ತುವುದಿಲ್ಲ’ ಎನ್ನುವವರಿಗೆ ಜರ್ಮನ್ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಕಥೆ ಹೇಳುತ್ತೇನೆ. ಆತ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮರೆವಿನ ವೇಗವನ್ನು ಅಳೆದು 1885ರಲ್ಲಿ ಪ್ರಕಟಿಸಿದ. ಆಗ ಅವನ ವಯಸ್ಸು ಮೂವತ್ತೈದು. ಮೊದಲ ದಿನವೇ ಬಹುಪಾಲು ಸೋರಿಹೋಗುತ್ತದೆ, ಆಮೇಲೆ ನಿಧಾನವಾಗುತ್ತದೆ. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗ ಇನ್ನೂ ಉಪಯುಕ್ತ. ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು; ಒಂದು ವಾರ ಬಿಟ್ಟು ನೋಡಿದರೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರೇ ಮುಂದು. ಆದ್ದರಿಂದ ನನ್ನ ತರಗತಿಯಲ್ಲಿ ಸಾಲುಗಳಿಗೆ ಬಣ್ಣ ಬಳಿಯುವ ಪೆನ್ನಿಗೆ ಮರ್ಯಾದೆ ಇಲ್ಲ. ಓದಿ, ಮುಚ್ಚಿ, ಬರೆಯಿರಿ.

ಅನುಭವಕ್ಕೆ ಕ್ರೆಡಿಟ್ ಕೊಡಿಸುವ ಕೆಲಸದಲ್ಲಿ ನಾನು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಫ್ರಾನ್ಸಿನಲ್ಲಿ 2002ರ ಕಾನೂನಿನಂತೆ ದುಡಿಮೆಯ ಅನುಭವವನ್ನು ಪರಿಶೀಲಿಸಿ ಪೂರ್ತಿ ಪದವಿಯನ್ನೇ ಕೊಡಲು ಅವಕಾಶವಿದೆ. ನನಗೆ ಸಿಕ್ಕ ಅವಕಾಶ ಒಂದೆರಡು ವಿಷಯಗಳ ವಿನಾಯಿತಿಯಷ್ಟೇ. ಇಪ್ಪತ್ತು ವರ್ಷ ಲೆಕ್ಕಪತ್ರ ಬರೆದ ಒಬ್ಬರ ಅರ್ಜಿಗೆ ನಾನೇ ಸಹಾಯ ಮಾಡಿದೆ. ಹುದ್ದೆಗಳ ಪಟ್ಟಿ, ಸೇವಾ ಪ್ರಮಾಣಪತ್ರಗಳು, ಶಿಫಾರಸು ಪತ್ರ ಎಲ್ಲ ಸೇರಿಸಿ ದಪ್ಪ ಕಡತ ಕಟ್ಟಿದೆವು. ಅರ್ಜಿ ತಿರಸ್ಕೃತವಾಯಿತು, ಮತ್ತು ಸಮಿತಿಯ ಮಾತು ಸರಿಯಾಗಿಯೇ ಇತ್ತು. ಅವರು ಎಷ್ಟು ವರ್ಷ ಮಾಡಿದರು ಎಂಬುದು ಕಡತದಲ್ಲಿತ್ತು, ಅವರಿಗೆ ಏನು ಗೊತ್ತು ಎಂಬುದು ಎಲ್ಲೂ ಇರಲಿಲ್ಲ. ಎರಡನೆಯ ಸಲ ಬರೆಸಿದ್ದು ನಾಲ್ಕೇ ಪುಟ: ತಾಳೆಯಾಗದ ಒಂದು ಲೆಕ್ಕವನ್ನು ಅವರು ಹೇಗೆ ಹುಡುಕಿದರು, ಯಾವ ಊಹೆಯನ್ನು ಏಕೆ ಬಿಟ್ಟರು. ಒಂದು ವಿಷಯಕ್ಕೆ ವಿನಾಯಿತಿ ಸಿಕ್ಕಿತು.

ನನಗೆ ಈಗಲೂ ಒಗ್ಗದ ಪದವೊಂದಿದೆ: ಡ್ರಾಪ್‌ಔಟ್. ನಿವೃತ್ತರಾದ ಹಿರಿಯರೊಬ್ಬರು ಸತತ ಮೂರು ವರ್ಷ ಇತಿಹಾಸದ ವಿಷಯಗಳಿಗೆ ಹೆಸರು ಕೊಟ್ಟು, ಎಲ್ಲ ಓದಿ, ತರಗತಿಯಲ್ಲಿ ನನ್ನ ಬೆವರಿಳಿಸುವ ಪ್ರಶ್ನೆಗಳನ್ನು ಕೇಳಿ, ಒಂದು ಪರೀಕ್ಷೆಗೂ ಕೂರಲಿಲ್ಲ. ‘ಪ್ರಮಾಣಪತ್ರ ತೆಗೆದುಕೊಂಡು ಯಾರಿಗೆ ತೋರಿಸಲಿ ತಾಯೀ?’ ಎನ್ನುತ್ತಿದ್ದರು. ದಾಖಲೆಯಲ್ಲಿ ಅವರು ಮೂರು ಸಲ ಓದು ಬಿಟ್ಟವರು. ಕಲಿಕೆ ಬದುಕಿನುದ್ದಕ್ಕೂ ನಡೆಯುವಂಥದ್ದು ಎಂದು ಎಡ್ಗರ್ ಫೋರ್ ಅಧ್ಯಕ್ಷತೆಯ ಯುನೆಸ್ಕೋ ಆಯೋಗ 1972ರಲ್ಲೇ ವರದಿ ಕೊಟ್ಟಿದೆ. ನಮ್ಮ ನಮೂನೆಗಳಲ್ಲಿ ಇನ್ನೂ ಇರುವುದು ಪಾಸು, ಫೇಲು, ಗೈರುಹಾಜರಿ ಎಂಬ ಮೂರೇ ಕಾಲಂ.

ಗರಿಷ್ಠ ಅವಧಿಯ ನಿಯಮದ ಮೇಲೂ ನನಗೆ ಸಿಟ್ಟಿದೆ. ಇಷ್ಟು ವರ್ಷಗಳಲ್ಲಿ ಮುಗಿಸದಿದ್ದರೆ ನೋಂದಣಿ ರದ್ದು. ನೆಲ್ಸನ್ ಮಂಡೇಲಾ ಕಾನೂನು ಪದವಿಗೆ ಓದಲು ಶುರುಮಾಡಿದ್ದು 1943ರಲ್ಲಿ, ಸೆರೆಮನೆಯಿಂದಲೇ ಓದಿ ದಕ್ಷಿಣ ಆಫ್ರಿಕಾ ವಿಶ್ವವಿದ್ಯಾಲಯದ ಎಲ್‌ಎಲ್‌ಬಿ ಪಡೆದದ್ದು 1989ರಲ್ಲಿ. ಒಂದು ಸಭೆಯಲ್ಲಿ ಇದನ್ನು ಹೇಳಿ, ನಮ್ಮಲ್ಲಾಗಿದ್ದರೆ ಅವರ ಫೈಲು ಯಾವಾಗಲೋ ಮುಚ್ಚಿರುತ್ತಿತ್ತು ಎಂದೆ. ಎಲ್ಲರೂ ನಕ್ಕರು. ನಿಯಮ ಬದಲಾಗಲಿಲ್ಲ. ಹೆರಿಗೆ, ದೀರ್ಘ ಕಾಯಿಲೆ ಇದ್ದವರಿಗೆ ಒಂದು ವರ್ಷದ ವಿರಾಮ ಕೊಡಬಹುದು ಎಂಬ ತಿದ್ದುಪಡಿ ಮಾತ್ರ ಅದಾದ ಮೇಲೆ ಬಂತು.

ಈ ಸಲದ ಮೂರನೇ ವಾರದ ಕರೆಗಳು ಕಳೆದ ವಾರ ಮುಗಿದವು. ಕೊನೆಯ ಕರೆ ಬಹುಮಹಡಿ ಕಟ್ಟಡವೊಂದರ ರಾತ್ರಿ ಕಾವಲುಗಾರರಿಗೆ. ಪುಸ್ತಕ ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ.

‘ಲಿಫ್ಟಿನ ಮೋಟಾರು ಕೋಣೆಯಲ್ಲಿ, ಮೇಡಂ. ಸದ್ದು ಜಾಸ್ತಿ. ಆದರೆ ಊಟದ ಬಿಡುವಿನಲ್ಲಿ ಅಲ್ಲಿ ಕೂತರೆ ಯಾರೂ ಕರೆಯುವುದಿಲ್ಲ.’

ಎಷ್ಟು ಓದಿದ್ದೀರಿ ಎಂದೆ. ಎರಡನೇ ಘಟಕ ಮುಗಿದಿದೆ, ಒಂದು ಅನುಮಾನವಿದೆ ಎಂದರು. ಯಾವಾಗ ಮಾತನಾಡೋಣ ಎಂದು ಕೇಳಿದ್ದಕ್ಕೆ, ರಾತ್ರಿ ಎರಡು ಗಂಟೆಯಾದರೆ ತಮಗೆ ಅನುಕೂಲ ಎಂದರು. ನಾನು ಒಪ್ಪಲಿಲ್ಲ. ಚೌಕಾಸಿ ಮಾಡಿ ಬೆಳಿಗ್ಗೆ ಆರೂವರೆಗೆ ಗೊತ್ತುಮಾಡಿದೆವು.