ಅಕ್ಕನಿಗೆ ಎಷ್ಟು ಮಾರ್ಕ್ಸ್?

ನನಗೆ ಜನ ಎರಡೇ ಥರ. ದೇವರಂಥವರು, ಇಲ್ಲಾ ಲಾಯಕ್ಕಿಲ್ಲದವರು. ಹುಟ್ಟುಹಬ್ಬ ಮರೆತಳು ಅಂತ ಅಕ್ಕನ ಫೋನನ್ನು ಹದಿನೈದು ದಿನ ಎತ್ತಿರಲಿಲ್ಲ. "ಅವಳಿಗೆ ನಾನು ಲೆಕ್ಕಕ್ಕೇ ಇಲ್ಲ" ಅಂತ ಕೌನ್ಸೆಲರ್ ಹತ್ರ ಗೋಳಾಡಿದಾಗ ಅವರು ಹಾಳೆ ಮೇಲೆ 0ಯಿಂದ 100ರವರೆಗೆ ಒಂದು ಗೆರೆ ಎಳೆದು, ಅಕ್ಕನನ್ನು ಎಲ್ಲಿ ಇಡ್ತೀರಿ ಅಂದರು. ಸೊನ್ನೆ ಮೇಲೆ ಚುಕ್ಕೆ ಇಟ್ಟೆ. "ಹಾಗಾದ್ರೆ ಬೇಕಂತಲೇ ಮೋಸ ಮಾಡಿದವರನ್ನು ಎಲ್ಲಿಡ್ತೀರಿ?"

ಸುಮ್ನಾದೆ. ಡೆಂಗ್ಯೂ ಬಂದಾಗ ಆಸ್ಪತ್ರೆಯಲ್ಲಿ ನಾಲ್ಕು ರಾತ್ರಿ ಕುರ್ಚಿಯಲ್ಲೇ ಮಲಗಿದ್ದವಳು ಅವಳೇ ಅಲ್ವಾ! ಚುಕ್ಕೆ 85ಕ್ಕೆ ಬಂತು.

ಈ ಗೆರೆ, ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಶುರು ಮಾಡಿದ ಕಾಗ್ನಿಟಿವ್ ಥೆರಪಿಯಲ್ಲಿ, ಅಂದ್ರೆ ನಮ್ಮ ಯೋಚನೆ ಸರಿಯಾ ಅಂತ ಪರೀಕ್ಷಿಸಿ ಬದಲಿಸಿಕೊಳ್ಳೋ ಚಿಕಿತ್ಸೆಯಲ್ಲಿ, ಬಳಸುವ ಉಪಾಯ. ಈಗ "ಯಾವಾಗ್ಲೂ ಹೀಗೇ" ಅಂತ ಬಾಯಿಗೆ ಬಂದ ಕೂಡಲೇ ಗೆರೆ ಎಳೆಯುತ್ತೇನೆ. ಅತ್ತೆಯ ಚುಕ್ಕೆ ಮಾತ್ರ ಇನ್ನೂ 40 ದಾಟಿಲ್ಲ.